ನಿಮ್ಮ ಕೈತಪ್ಪಿದ ಚಿತ್ರ ಯಾವುದು?

ಛಾಯಾಗ್ರಹಣದ ಬಗ್ಗೆ ಮಾತಾಡಲು ಬಂದಿದ್ದೇನೆ. ಈ ಸಭಾಂಗಣದ ಎಡಗಡೆ ದೊಡ್ಡ ಕಿಟಕಿ ಇದೆ. ಮೇಲಿನ ದೀಪಗಳನ್ನೆಲ್ಲ ಆರಿಸಲು ಹೇಳಿದ್ದೇನೆ. ಈಗ ನಿಮ್ಮ ಪಕ್ಕದಲ್ಲಿ ಕೂತವರ ಮುಖವನ್ನು ಒಂದು ಸಲ ನೋಡಿ. ಸಂಕೋಚ ಬೇಡ, ಅವರೂ ನಿಮ್ಮನ್ನೇ ನೋಡಬೇಕು.

ಕಿಟಕಿ ಕಡೆಯ ಕೆನ್ನೆ ಬೆಳಗಿದೆ. ಇನ್ನೊಂದು ಕೆನ್ನೆ ನೆರಳಲ್ಲಿದೆ. ಮೂಗಿನ ನೆರಳು ಎಲ್ಲಿಯವರೆಗೆ ಬಂದಿದೆ ಗಮನಿಸಿ. ಕಣ್ಣಿನೊಳಗೆ ಒಂದು ಪುಟ್ಟ ಬಿಳಿ ಚೌಕ ಕಾಣುತ್ತದೆ, ಅದು ಈ ಕಿಟಕಿಯೇ. ಈಗ ಅವರಿಗೆ ಮುಖವನ್ನು ಸ್ವಲ್ಪ ಕಿಟಕಿ ಕಡೆ ತಿರುಗಿಸಲು ಹೇಳಿ. ನೆರಳು ಕರಗಿತು, ಅಲ್ವಾ? ಕಣ್ಣಿನ ಕೆಳಗಿನ ಸುಕ್ಕು ಕೂಡ ಕಡಿಮೆಯಾದಂತೆ ಕಾಣುತ್ತದೆ. ಕಿಟಕಿಗೆ ಬೆನ್ನು ಮಾಡಲು ಹೇಳಿ. ಮುಖ ಮಬ್ಬಾಯಿತು, ಕೂದಲಿನ ಅಂಚು ಮಾತ್ರ ಹೊಳೆಯುತ್ತಿದೆ. ಮನುಷ್ಯ ಅವರೇ, ಕುರ್ಚಿ ಅದೇ, ಚಿತ್ರ ಮೂರು.

ಇನ್ನೊಂದು ಗಮನಿಸಿ. ಕಿಟಕಿಗೆ ಅಂಟಿ ಕೂತವರ ಮುಖ ಬೆಳ್ಳಗಿದೆ, ಅವರ ಆಚೆಗಿನ ಗೋಡೆ ಕಪ್ಪಾಗಿ ಕಾಣುತ್ತದೆ. ಬಲಗಡೆ ಗೋಡೆ ಪಕ್ಕ ಕೂತವರ ಮುಖಕ್ಕೂ ಗೋಡೆಗೂ ಅಂಥ ವ್ಯತ್ಯಾಸ ಇಲ್ಲ, ಎರಡೂ ಹೆಚ್ಚುಕಮ್ಮಿ ಒಂದೇ ಮಬ್ಬು. ಬಲ್ಬಿನಂಥ ಸಣ್ಣ ದೀಪದಿಂದ ನೀವು ಎರಡು ಪಟ್ಟು ದೂರ ಹೋದರೆ ನಿಮ್ಮ ಮೇಲೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಕಿಟಕಿ ದೊಡ್ಡದು, ಹಾಗಾಗಿ ಹತ್ತಿರದಲ್ಲಿ ಈ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಆದರೂ ದೂರ ಹೋದಂತೆ ಬೆಳಕು ಬೇಗ ಸೋಲುತ್ತದೆ ಎನ್ನುವುದು ನಿಜ. ಯಾರದೋ ಚಿತ್ರದಲ್ಲಿ ಹಿನ್ನೆಲೆ ಪೂರ್ತಿ ಕಪ್ಪಾಗಿ, ಮುಖ ಮಾತ್ರ ಬೆಳಗಿರುವುದನ್ನು ನೋಡಿ ದೊಡ್ಡ ಸ್ಟುಡಿಯೋ ಇರಬೇಕು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅಲ್ಲಿರುವುದು ಒಂದು ಕಿಟಕಿ ಮತ್ತು ಅದರ ಹತ್ತಿರಕ್ಕೆ ಎಳೆದ ಒಂದು ಕುರ್ಚಿ.

ನಾನು ಇನ್ನೂ ಕ್ಯಾಮೆರಾ ಬ್ಯಾಗಿನ ಜಿಪ್ ತೆಗೆದಿಲ್ಲ. ನೀವು ಇಷ್ಟನ್ನೆಲ್ಲ ಕಂಡಿರಿ.

ಇವತ್ತಿನ ವಿಷಯಕ್ಕೆ ಬರುತ್ತೇನೆ. ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಪ್ರೊಫೆಷನಲ್ ಕ್ಯಾಮೆರಾ ತಗೋಬೇಕು ಅಂತಿದ್ದೀನಿ, ಯಾವುದು ತಗೊಳ್ಳಲಿ?" ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. "ಈಗಿರುವ ಕ್ಯಾಮೆರಾದಿಂದ ನಿಮ್ಮ ಕೈತಪ್ಪಿದ ಚಿತ್ರ ಯಾವುದು? ಒಂದೇ ಒಂದನ್ನು ವಿವರವಾಗಿ ಹೇಳಿ." ಹೆಚ್ಚಿನವರು ಸುಮ್ಮನಾಗುತ್ತಾರೆ. "ಹಾಗೇನಿಲ್ಲ, ಒಟ್ಟಾರೆ ಚೆನ್ನಾಗಿ ಬರಲಿ ಅಂತ" ಎನ್ನುತ್ತಾರೆ. ಒಟ್ಟಾರೆ ಚೆನ್ನಾಗಿ ಬರಲಿ ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಅದನ್ನು ಹಗುರವಾಗಿ ನೋಡುವವನು ನಾನಲ್ಲ. ಆದರೆ ಆ ಆಸೆಯನ್ನು ಯಾವ ಪೆಟ್ಟಿಗೆಯಲ್ಲಿ ಹಾಕಿ ಕೊಡುವುದು ಅಂತ ನನಗೆ ತಿಳಿಯುವುದಿಲ್ಲ.

ಒಮ್ಮೆ ಒಬ್ಬ ಯುವತಿ ಮಾತ್ರ ಥಟ್ಟನೆ ಉತ್ತರ ಕೊಟ್ಟರು. ಅವರು ನಾಟಕಗಳ ಚಿತ್ರ ತೆಗೆಯುತ್ತಾರೆ. "ಸಾರ್, ರಂಗದ ಮೇಲೆ ನಟರ ಕೈ, ಮುಖ ಎಲ್ಲ ಅಲುಗಿದ ಹಾಗೆ ಬರುತ್ತೆ. ಕ್ಯಾಮೆರಾ ಹಳೇದು. ದೊಡ್ಡ ಫುಲ್ ಫ್ರೇಮ್ ತಗೊಂಡರೆ ಸರಿಹೋಗುತ್ತಾ?" ಎಂದರು. ನನಗೆ ತುಂಬ ಸಂತೋಷವಾಯಿತು. ಕೈತಪ್ಪಿದ ಚಿತ್ರ ಯಾವುದು ಅಂತ ಅವರಿಗೆ ಗೊತ್ತಿತ್ತು.

ಇಬ್ಬರೂ ಕೂತು ಅವರ ಚಿತ್ರಗಳನ್ನು ಒಂದೊಂದಾಗಿ ತೆರೆದೆವು. ಪ್ರತಿ ಡಿಜಿಟಲ್ ಚಿತ್ರದ ಜೊತೆ ಅದನ್ನು ತೆಗೆದ ವಿವರವೂ ಸೇರಿಕೊಂಡಿರುತ್ತದೆ. ನೀವೂ ನಿಮ್ಮ ಹಳೆಯ ಚಿತ್ರಗಳಲ್ಲಿ ಅದನ್ನು ಓದಿ, ಅದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ. ಅವರ ವಿವರ ಹೀಗಿತ್ತು. ಲೆನ್ಸ್, ಕ್ಯಾಮೆರಾ ಜೊತೆಗೇ ಬಂದ 18–55 ಮಿ.ಮೀ. ಕಿಟ್ ಲೆನ್ಸ್. ಜೂಮ್ ಕೊನೆಯವರೆಗೆ, ಅಂದರೆ 55 ಮಿ.ಮೀ. ಅಲ್ಲಿ ಆ ಲೆನ್ಸ್ ಎಫ್ 5.6ಕ್ಕಿಂತ ದೊಡ್ಡದಾಗಿ ಬಾಯಿ ತೆರೆಯುವುದಿಲ್ಲ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ, 1600. ಶಟರ್, ಅಂದರೆ ಬೆಳಕು ಒಳಗೆ ಬರಲು ಬಿಡುವ ಸಮಯ, 1/30 ಸೆಕೆಂಡ್. ನಟ ಕೈ ಬೀಸುವಾಗ 1/30 ಸೆಕೆಂಡ್ ಬಹಳ ದೀರ್ಘ ಸಮಯ. ಕೈ ಅಷ್ಟರಲ್ಲಿ ಕೆಲವು ಇಂಚು ದೂರ ಹೋಗಿರುತ್ತದೆ. ಅಲುಗದೆ ಹೇಗಿರುತ್ತದೆ?

ಈಗ ಲೆಕ್ಕ ನೋಡೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಉಪನ್ಯಾಸದ ಬೇರು ಇಲ್ಲಿದೆ.

ಅವರ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕನ್ನು ಹಿಡಿಯುವ ಒಳಗಿನ ಫಲಕ, ಎಪಿಎಸ್-ಸಿ ಅಳತೆಯದು. ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. ಫುಲ್ ಫ್ರೇಮ್ ಅಂದರೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಗುಣಿಸಿ ನೋಡಿದರೆ ಫುಲ್ ಫ್ರೇಮ್‌ನ ವಿಸ್ತೀರ್ಣ ಹತ್ತಿರಹತ್ತಿರ 2.4 ಪಟ್ಟು ಜಾಸ್ತಿ. ಅದೇ ಎಫ್ 5.6, ಅದೇ ಶಟರ್ ಇಟ್ಟರೆ ಒಟ್ಟು ಸಿಗುವ ಬೆಳಕು ಕೂಡ ಅಷ್ಟೇ ಪಟ್ಟು ಜಾಸ್ತಿ. ಬೆಳಕು ಎರಡು ಪಟ್ಟಾದರೆ ಅದನ್ನು ಒಂದು ಸ್ಟಾಪ್ ಅನ್ನುತ್ತೇವೆ, ಇದು ಅದಕ್ಕಿಂತ ಸ್ವಲ್ಪ ಹೆಚ್ಚು. ಒಳ್ಳೆಯದೇ.

ಇನ್ನೊಂದು ದಾರಿ ಇತ್ತು. 50 ಮಿ.ಮೀ. ಎಫ್ 1.8 ಲೆನ್ಸ್. ಹೆಚ್ಚುಕಮ್ಮಿ ಎಲ್ಲ ಕಂಪನಿಗಳೂ ಮಾಡುವ, ಅವುಗಳ ಪಟ್ಟಿಯಲ್ಲಿ ಅಗ್ಗದ ಸಾಲಿನಲ್ಲೇ ಇರುವ ಪುಟ್ಟ ಲೆನ್ಸ್. ಎಫ್ 5.6ರಿಂದ ಎಫ್ 1.8ಕ್ಕೆ ಬಂದರೆ ಬೆಳಕು ಎಷ್ಟು ಪಟ್ಟು ಹೆಚ್ಚುತ್ತದೆ? 5.6 ಅನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಸುಮಾರು 9.7. ಹತ್ತು ಪಟ್ಟು ಅನ್ನಿ! ದೊಡ್ಡ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಕೊಡುವುದು ಎರಡೂವರೆ ಪಟ್ಟಿಗೆ ಹತ್ತಿರ, ಈ ಪುಟ್ಟ ಲೆನ್ಸ್ ಕೊಡುವುದು ಹತ್ತು ಪಟ್ಟು.

ಎಫ್ 1.8ರಲ್ಲಿ ಫೋಕಸ್ ಇರುವ ಪದರ ಬಹಳ ತೆಳು. ನಟ ಒಂದು ಹೆಜ್ಜೆ ಮುಂದೆ ಬಂದರೆ ಕಣ್ಣು ಮಸುಕಾಗಬಹುದು. ಅದಕ್ಕೇ ನಾವು ಎಫ್ 2.8ಕ್ಕೆ ನಿಂತೆವು. ಅಲ್ಲಿಗೆ ನಾಲ್ಕು ಪಟ್ಟು. ಐಎಸ್ಒ ಅನ್ನು 3200ಕ್ಕೆ ಏರಿಸಿದೆವು. ಕಾಳು ಕಾಳಾಗಿ ಬರುತ್ತದೆ ಎಂಬ ಹೆದರಿಕೆಯಿಂದ ಅವರು 1600 ದಾಟುತ್ತಿರಲಿಲ್ಲ. ಅಲುಗಿದ ಚಿತ್ರಕ್ಕಿಂತ ಕಾಳು ಕಾಳಾದ ಚಿತ್ರ ಎಷ್ಟೋ ವಾಸಿ. ಕಾಳನ್ನು ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ಮುಖವನ್ನು ನೆಟ್ಟಗೆ ಮಾಡಲು ಆಗುವುದಿಲ್ಲ. ಹೀಗೆ ಒಟ್ಟು ಎಂಟು ಪಟ್ಟಾಯಿತು. 1/30 ಇದ್ದ ಶಟರ್ 1/240ಕ್ಕೆ ಬಂತು. ಮಾತಾಡುವ ನಟನಿಗೆ ಅದು ಧಾರಾಳ ಸಾಕು.

ಮೂರನೆಯ ಸಂಗತಿಯೂ ಒಂದಿತ್ತು. ಅದು ಅವರಿಗೇ ಹೊಳೆಯಿತು. ನಟರು ಮಾತಿನ ಕೊನೆಯಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಕೈ ಎತ್ತಿದ ಕೂಡಲೇ ಅಲ್ಲ, ಎತ್ತಿದ ಕೈ ಮೇಲೆ ತಲುಪಿ ತಿರುಗುವ ಮೊದಲು ಒಂದು ತಡೆ ಇರುತ್ತದೆ. "ನಾಟಕವನ್ನು ಮೊದಲು ಒಂದು ಸಲ ಕ್ಯಾಮೆರಾ ಇಲ್ಲದೆ ನೋಡಿದರೆ ಆ ನಿಲುಗಡೆಗಳು ಎಲ್ಲಿ ಬರುತ್ತವೆ ಅಂತ ಗೊತ್ತಾಗುತ್ತಲ್ವಾ?" ಎಂದು ಅವರೇ ಕೇಳಿದರು. ನಾನು ಏನೂ ಸೇರಿಸಬೇಕಾಗಲಿಲ್ಲ. ಅವರು ಆ ದಿನ ಲೆನ್ಸ್ ತಗೊಂಡರು, ತಾಲೀಮಿಗೆ ಹೋಗಿ ಕೂರಲು ಶುರು ಮಾಡಿದರು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಇದನ್ನು ಕೇಳಿ "ಕ್ಯಾಮೆರಾ ಮುಖ್ಯವೇ ಅಲ್ಲ, ಎಲ್ಲ ಕಣ್ಣಿನಲ್ಲೇ ಇದೆ" ಎಂದು ಬರೆದುಕೊಳ್ಳಬೇಡಿ. ಆ ಮಾತು ನನಗೆ ಇಷ್ಟವಿಲ್ಲ. ಅದನ್ನು ಹೇಳುವವರ ಹೆಗಲಲ್ಲಿ ಸಾಮಾನ್ಯವಾಗಿ ಒಳ್ಳೆಯ ಕ್ಯಾಮೆರಾ ಇರುತ್ತದೆ. ಹೊಸಬರು ಅದನ್ನು ನಂಬಿ, ನಿಜಕ್ಕೂ ಉಪಕರಣದ ತೊಂದರೆ ಇರುವ ಕಡೆ ತಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಂಡು ನೋಯುತ್ತಾರೆ. ಆ ಯುವತಿಗೆ ಕಿಟ್ ಲೆನ್ಸಿನಲ್ಲೇ ಹೆಣಗಾಡಿ ಅಂದಿದ್ದರೆ ಅನ್ಯಾಯವಾಗುತ್ತಿತ್ತು.

ಹಕ್ಕಿಗಳ ಚಿತ್ರ ತೆಗೆಯುವವರು ಇಲ್ಲಿ ಇದ್ದೀರಾ? ಕೈ ಎತ್ತಿ. ನಿಮಗೆ ನಾನು ಹೇಳುವುದೇ ಬೇರೆ. ಹಕ್ಕಿಯ ಹತ್ತಿರ ಹೋಗಲು ಆಗುವುದಿಲ್ಲ, ಹೋಗಲೂಬಾರದು, ಗೂಡು ಕಟ್ಟಿರುವ ಕಾಲದಲ್ಲಂತೂ ಖಂಡಿತ ಬೇಡ. ಹಾಗಾಗಿ ಉದ್ದದ ಲೆನ್ಸ್ ಬೇಕೇ ಬೇಕು. ಹಾರುವ ಹಕ್ಕಿಗೆ 1/2000 ಸೆಕೆಂಡಿನಂಥ ವೇಗ ಬೇಕು, ಅದರ ಕಣ್ಣನ್ನು ಹುಡುಕಿ ಹಿಡಿದುಕೊಳ್ಳುವ ಫೋಕಸ್ ಇದ್ದರೆ ನಿಜವಾಗಿಯೂ ದೊಡ್ಡ ಸಹಾಯ. ಆದರೆ ಇಲ್ಲೂ ಒಂದು ಸಂತೋಷದ ಸಂಗತಿ ಇದೆ. ನೀವು ಕೊಂಡುಕೊಳ್ಳಬೇಕಾದ್ದು ಅತಿ ದುಬಾರಿ ಬಾಡಿಯೇ ಆಗಬೇಕಿಲ್ಲ. ಚಿಕ್ಕ ಎಪಿಎಸ್-ಸಿ ಸೆನ್ಸರ್ ಮೇಲೆ 400 ಮಿ.ಮೀ. ಲೆನ್ಸ್ ಹಾಕಿದರೆ ಫುಲ್ ಫ್ರೇಮ್ ಮೇಲೆ 600 ಮಿ.ಮೀ. ಹಾಕಿದಷ್ಟೇ ಕಿರಿದಾದ ನೋಟ ಸಿಗುತ್ತದೆ. ಜೊತೆಗೆ ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆ. ಗಾಳಿಯೂ ಬಿಸಿಲೂ ನಿಮ್ಮ ಬೆನ್ನ ಹಿಂದಿನಿಂದ ಬರುವಂತೆ ಜಾಗ ಹಿಡಿದರೆ, ಹಕ್ಕಿ ನಿಮ್ಮ ಕಡೆ ಮುಖ ಮಾಡಿ ಏಳುವ ಸಾಧ್ಯತೆ ಹೆಚ್ಚು. ಇದನ್ನು ಯಾವ ಕ್ಯಾಮೆರಾದ ಮೆನುವಿನಲ್ಲೂ ಬರೆದಿಲ್ಲ.

ಹಾಗಾದರೆ ಪ್ರೊಫೆಷನಲ್ ಕ್ಯಾಮೆರಾ ಅಂದರೇನು? ಅದಕ್ಕೆ ಅಷ್ಟು ಹಣ ಯಾಕೆ? ನೇರವಾಗಿ ಹೇಳುತ್ತೇನೆ. ಆ ಹಣದ ದೊಡ್ಡ ಪಾಲು ಭರವಸೆಗೆ ಹೋಗುತ್ತದೆ. ಕ್ರೀಡೆ, ಸುದ್ದಿಗಾಗಿ ಮಾಡಿದ ಅತಿ ಮೇಲ್ದರ್ಜೆಯ ಬಾಡಿಗಳ ಶಟರ್ 4–5 ಲಕ್ಷ ಸಲ ಬಡಿದರೂ ತಾಳುವಂತೆ ಪರೀಕ್ಷೆ ಮಾಡಿರುತ್ತಾರೆ. ಮಳೆ, ಧೂಳು ಒಳಗೆ ಹೋಗದಂತೆ ಸಂದುಗಳಿಗೆ ರಬ್ಬರ್ ಪಟ್ಟಿ ಇರುತ್ತದೆ. ಬ್ಯಾಟರಿ ದೊಡ್ಡದು. ಕಣ್ಣು ತೆಗೆಯದೆ ಬೆರಳಲ್ಲೇ ಬದಲಾಯಿಸಲು ಬೇಕಾದಷ್ಟು ಗುಂಡಿಗಳು ಇರುತ್ತವೆ. ಮತ್ತು ಎರಡು ಕಾರ್ಡ್ ಹಾಕುವ ಜಾಗ.

ಈ ಎರಡನೇ ಕಾರ್ಡಿನ ಬೆಲೆ ನಾನು ಕಲಿತದ್ದು ಒಂದು ಮದುವೆಯಲ್ಲಿ. ಆಗ ನನ್ನ ಕ್ಯಾಮೆರಾದಲ್ಲಿ ಒಂದೇ ಕಾರ್ಡ್. ರಾತ್ರಿ ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದೆ, ಕಾರ್ಡ್ ತೆರೆಯಲೇ ಇಲ್ಲ. ಎರಡು ಗಂಟೆಗಳ ಕೆಲಸ ಅದರಲ್ಲಿತ್ತು. ಮೂರು ದಿನ ಹೋರಾಡಿ ಸುಮಾರು ನಲವತ್ತು ಚಿತ್ರಗಳನ್ನು ಹೊರಗೆ ತೆಗೆದೆ. ಅಜ್ಜಿ ಮೊಮ್ಮಗಳ ಎರಡೂ ಕೆನ್ನೆ ಹಿಡಿದುಕೊಂಡು ನೋಡುತ್ತಿದ್ದ ಒಂದು ಚಿತ್ರ ಇತ್ತು, ಅದು ಬರಲಿಲ್ಲ. ಆ ಮನೆಯವರಿಗೆ ಫೋನ್ ಮಾಡಿ ಹೇಳಿದ್ದು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ. ಆಮೇಲೆ ದುಡ್ಡು ಕೂಡಿಸಿ ಎರಡು ಕಾರ್ಡಿನ ಕ್ಯಾಮೆರಾ ತಗೊಂಡೆ. ಒಂದೇ ಚಿತ್ರ ಎರಡೂ ಕಾರ್ಡಿಗೆ ಬರೆಯುವಂತೆ ಇಟ್ಟೆ.

ಗಮನಿಸಿ, ಆ ಹೊಸ ಕ್ಯಾಮೆರಾ ಬಂದ ಮೇಲೆ ನನ್ನ ಚಿತ್ರಗಳು ಹೆಚ್ಚು ಚಂದವಾಗಲಿಲ್ಲ. ನನಗೆ ನಿದ್ದೆ ಬಂತು. ಇನ್ನೊಬ್ಬರ ಮರಳಿ ಬಾರದ ದಿನವನ್ನು ಕೈಯಲ್ಲಿ ಹಿಡಿದವರಿಗೆ ಅದು ಬಹಳ ದೊಡ್ಡ ವಿಷಯ. ಹಣ ಪಡೆದು ಕೆಲಸ ಮಾಡುವವರು ಇದಕ್ಕೆ ಖರ್ಚು ಮಾಡಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಬಿಡುವಿನಲ್ಲಿ ಹೂವು, ಬೀದಿ, ಮನೆಮಂದಿ ಅಂತ ತೆಗೆಯುವವರು ಅದೇ ಹಣವನ್ನು ಪ್ರಯಾಣಕ್ಕೆ, ಮುದ್ರಣಕ್ಕೆ ಹಾಕಬಹುದು.

ಮೆಗಾಪಿಕ್ಸೆಲ್ ಬಗ್ಗೆ ಒಂದು ಮಾತು. ಎ4 ಹಾಳೆಯ ಪೂರ್ತಿ ಅಳತೆಗೆ, ಇಂಚಿಗೆ 300 ಚುಕ್ಕಿಯಂತೆ ನುಣುಪಾಗಿ ಮುದ್ರಿಸಲು 87 ಲಕ್ಷ ಪಿಕ್ಸೆಲ್ ಸಾಕು. 4ಕೆ ಟಿವಿ ಪರದೆಯಲ್ಲಿರುವುದೇ 83 ಲಕ್ಷ. 24 ಮೆಗಾಪಿಕ್ಸೆಲ್ ಅಂದರೆ 2 ಕೋಟಿ 40 ಲಕ್ಷ. ಅದನ್ನು ಬಿಟ್ಟು 45 ಮೆಗಾಪಿಕ್ಸೆಲ್‌ಗೆ ಹೋದರೆ ಚಿತ್ರ ಹತ್ತಿರಹತ್ತಿರ ಎರಡು ಪಟ್ಟು ದೊಡ್ಡದಾಗುತ್ತದೆ ಅನ್ನಿಸುತ್ತದೆ, ಅಲ್ವಾ? ಆಗುವುದಿಲ್ಲ. ಅಗಲಕ್ಕೂ ಎತ್ತರಕ್ಕೂ ಹಂಚಿಹೋಗುವುದರಿಂದ ಪ್ರತಿ ಬದಿ 1.4 ಪಟ್ಟಿನಷ್ಟೂ ಬೆಳೆಯುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಈ ಕಥೆ ನನಗೆ ಬಹಳ ಇಷ್ಟ. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ ಡಿಜಿಟಲ್ ಕ್ಯಾಮೆರಾ ಒಂದನ್ನು ಮಾಡಿದರು. ತೂಕ 3.6 ಕಿಲೋ. ಪಿಕ್ಸೆಲ್ ಒಟ್ಟು 10,000. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್. 1999ರಲ್ಲಿ ನಿಕಾನ್ ಡಿ1 ಬಂತು. ಪತ್ರಿಕೆಗಳ ಛಾಯಾಗ್ರಾಹಕರು ಫಿಲ್ಮ್ ಬಿಟ್ಟು ಡಿಜಿಟಲ್‌ಗೆ ದಾಟಿದ್ದರಲ್ಲಿ ಅದರ ಪಾಲು ದೊಡ್ಡದು. ಅದರ ಪಿಕ್ಸೆಲ್ ಎಷ್ಟು ಗೊತ್ತಾ? 27 ಲಕ್ಷ. ಈಗ ನಿಮ್ಮ ಜೇಬಿನಲ್ಲಿರುವ ಫೋನಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಇದೆ. ಅಂದಿನ ವೃತ್ತಿಪರರು ಅಷ್ಟರಲ್ಲೇ ಪತ್ರಿಕೆಯ ಮುಖಪುಟ ತುಂಬಿಸಿದರು. ಅವರ ಹತ್ತಿರ ಇದ್ದು ನಮ್ಮ ಹತ್ತಿರ ಇಲ್ಲದ್ದು ಯಾವುದು ಅಂತ ನಾನು ಆಗಾಗ ಯೋಚಿಸುತ್ತೇನೆ. ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು ಎಂಬುದು ಅವರ ಮೈಗೆ ಹತ್ತಿತ್ತು.

ಮೈಗೆ ಹತ್ತುವುದು ಅಂದೆ. ಅದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಉದಾಹರಣೆ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್. 1941ರ ಶರತ್ಕಾಲದ ಒಂದು ಸಂಜೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹರ್ನಾಂಡಿಸ್ ಎಂಬ ಸಣ್ಣ ಊರಿನ ಪಕ್ಕ ಅವರು ಕಾರಿನಲ್ಲಿ ಹೋಗುತ್ತಿದ್ದಾರೆ. ಒಂದು ಕಡೆ ಚಂದ್ರ ಮೇಲೆ ಬಂದಿದ್ದಾನೆ. ಇನ್ನೊಂದು ಕಡೆ ಮುಳುಗುವ ಸೂರ್ಯನ ಕೊನೆಯ ಬೆಳಕು ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಬಿದ್ದಿದೆ. ಕಾರು ನಿಲ್ಲಿಸಿ, ದೊಡ್ಡ 8×10 ಇಂಚಿನ ಕ್ಯಾಮೆರಾವನ್ನು ಗಡಿಬಿಡಿಯಲ್ಲಿ ಜೋಡಿಸಿದರು. ಬೆಳಕು ಅಳೆಯುವ ಮೀಟರ್ ಮಾತ್ರ ಸಿಗಲಿಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅಲ್ಲಿ ತೆಗೆದು ಪರದೆಯಲ್ಲಿ ನೋಡಿ ಸರಿಮಾಡಿಕೊಳ್ಳುವ ಹಾಗಿರಲಿಲ್ಲ. ಆಡಮ್ಸ್‌ಗೆ ಚಂದ್ರನ ಹೊಳಪು ಎಷ್ಟು ಎಂಬುದು ನೆನಪಿತ್ತು. ಚದರ ಅಡಿಗೆ 250 ಕ್ಯಾಂಡಲ್. ಆ ಒಂದು ಸಂಖ್ಯೆಯಿಂದ ತಲೆಯಲ್ಲೇ ಲೆಕ್ಕ ಹಾಕಿದರು. ಎಫ್ 32, ಒಂದು ಸೆಕೆಂಡ್. ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿಬಿಟ್ಟಿತು. ಆ ಒಂದೇ ನೆಗೆಟಿವ್‌ನಿಂದ ಮುಂದಿನ ದಶಕಗಳಲ್ಲಿ ಸಾವಿರಕ್ಕೂ ಹೆಚ್ಚು ಮುದ್ರಣಗಳನ್ನು ಅವರು ತಮ್ಮ ಕೈಯಲ್ಲೇ ಮಾಡಿದರು. ಕತ್ತಲೆ ಕೋಣೆಯಲ್ಲಿ ಅದನ್ನು ತಿದ್ದುತ್ತಾ, ಆಕಾಶವನ್ನು ಇನ್ನಷ್ಟು ಕಪ್ಪು ಮಾಡುತ್ತಾ ಹೋದರು.

ಈ ಕಥೆಯಲ್ಲಿ ಎರಡು ಕಡೆ ಇವೆ. ಆಡಮ್ಸ್ ಹತ್ತಿರ ಇದ್ದದ್ದು ಸಾಮಾನ್ಯ ಕ್ಯಾಮೆರಾ ಅಲ್ಲ. ಉಪಕರಣದ ಬಗ್ಗೆ ಅವರಷ್ಟು ತಲೆ ಕೆಡಿಸಿಕೊಂಡವರು ಕಡಿಮೆ. ಆದರೆ ಅವರು ತಮ್ಮ ಕ್ಯಾಮೆರಾವನ್ನು ಎಷ್ಟು ಬಳಸಿದ್ದರು ಎಂದರೆ ಕತ್ತಲಾಗುವ ಮುಂಚಿನ ಆ ಸ್ವಲ್ಪ ಹೊತ್ತಿನಲ್ಲಿ ಕೈ ತಾನಾಗಿಯೇ ಕೆಲಸ ಮಾಡಿತು. ವರ್ಷಕ್ಕೊಂದು ಹೊಸ ಬಾಡಿ ಬದಲಾಯಿಸುವವರಿಗೆ ಈ ಪಳಗುವಿಕೆ ಸಿಗುವುದು ಕಷ್ಟ. ಗುಂಡಿ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಬೆಳಕು ಹೋಗಿರುತ್ತದೆ.

ಇದಕ್ಕೆ ಪೂರ್ತಿ ಬೇರೆ ಥರದ ಒಬ್ಬರನ್ನು ಹೇಳುತ್ತೇನೆ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಹುಟ್ಟಿದ್ದು 1815ರಲ್ಲಿ, ಕಲ್ಕತ್ತಾದಲ್ಲಿ. 1863ರ ಕೊನೆಗೆ ಇಂಗ್ಲೆಂಡಿನಲ್ಲಿ ಮಗಳು ಅಳಿಯ ಸೇರಿ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಆಗ ಅವರಿಗೆ 48 ವರ್ಷ. ಅದು ಒದ್ದೆ ಗಾಜಿನ ಪ್ಲೇಟಿನ ಕಾಲ. ಔಷಧಿ ಹಚ್ಚಿದ ಗಾಜು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕು. ಗಾಜಿನ ಕಿಟಕಿಗಳಿದ್ದ ಕೋಳಿಮನೆಯನ್ನು ಸ್ಟುಡಿಯೋ ಮಾಡಿಕೊಂಡರು. ಎದುರಿಗೆ ಕೂತವರು ನಿಮಿಷಗಟ್ಟಲೆ ಅಲುಗದೆ ಇರಬೇಕಿತ್ತು. ಅವರ ಚಿತ್ರಗಳು ಮಸುಕು, ಗೀರು ಬಿದ್ದಿವೆ, ಶಿಸ್ತಿಲ್ಲ ಅಂತ ಆಗಿನ ಛಾಯಾಗ್ರಹಣದ ಪತ್ರಿಕೆಗಳು ಬೈದವು. ಆದರೆ 1867ರಲ್ಲಿ ಅವರು ತೆಗೆದ ವಿಜ್ಞಾನಿ ಜಾನ್ ಹರ್ಷೆಲ್‌ರ ಮುಖವನ್ನು ಒಮ್ಮೆ ಹುಡುಕಿ ನೋಡಿ. ಕಪ್ಪಿನೊಳಗಿಂದ ಎದ್ದುಬರುವ ಬಿಳಿಗೂದಲು, ಆ ಕಣ್ಣು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ನಿಮಗೆ ಈಗ ಹೇಳಲು ಬರುತ್ತದೆ. ಆ ಚಿತ್ರದಲ್ಲಿ ಅಂಚು ಚೂಪಾಗಿದೆಯಾ ಎಂದು ಅಳೆಯುವ ಮನಸ್ಸು ನನಗೆ ಒಂದು ದಿನವೂ ಬಂದಿಲ್ಲ.

ಸರಿ, ಅಭ್ಯಾಸ ಮಾಡುವುದು ಹೇಗೆ? ಇಲ್ಲಿ ನಾನು ಸ್ವಲ್ಪ ಹಟದ ಮನುಷ್ಯ.

ಮೊದಲು ಜೂಮ್ ಆಗದ, ಒಂದೇ ನಾಭಿದೂರದ ಲೆನ್ಸ್‌ಗೆ ಅಂಟಿಕೊಳ್ಳಿ. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸನ್ ತಮ್ಮ ಬಹುಪಾಲು ಕೆಲಸವನ್ನು ಪುಟ್ಟ ಲೈಕಾ ಕ್ಯಾಮೆರಾ ಮತ್ತು ಒಂದು 50 ಮಿ.ಮೀ. ಲೆನ್ಸಿನಲ್ಲಿ ಮಾಡಿದರು. ಜೂಮ್ ಇದ್ದರೂ ಪರವಾಗಿಲ್ಲ, ಒಂದು ಅಂಕಿಗೆ ಇಟ್ಟು ಟೇಪ್ ಅಂಟಿಸಿಬಿಡಿ. ಮೂರು ತಿಂಗಳು ಹಾಗೇ ಇರಲಿ. ಮೊದಲ ವಾರ ಕಿರಿಕಿರಿ ಆಗುತ್ತದೆ. ಆಮೇಲೆ ಕ್ಯಾಮೆರಾ ಕಣ್ಣಿಗೆ ಎತ್ತುವ ಮೊದಲೇ ಚೌಕಟ್ಟಿನ ಅಂಚು ಎಲ್ಲಿ ಬೀಳುತ್ತದೆ ಅಂತ ಗೊತ್ತಾಗತೊಡಗುತ್ತದೆ. ನೀವು ತಾನಾಗಿಯೇ ಎರಡು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತೀರಿ. ಆ ಎರಡು ಹೆಜ್ಜೆ ಜೂಮಿನಿಂದ ಬರುವುದಿಲ್ಲ. ಜೂಮ್ ಮಾಡಿದರೆ ಚಿತ್ರ ದೊಡ್ಡದಾಗುತ್ತದೆ ಅಷ್ಟೇ. ನಡೆದು ಹೋದರೆ ಮುಂದಿನ ವಸ್ತುವಿಗೂ ಹಿಂದಿನ ವಸ್ತುವಿಗೂ ಇರುವ ಸಂಬಂಧವೇ ಬದಲಾಗುತ್ತದೆ.

ಎರಡನೆಯದು, ಅಂಚು ನೋಡುವುದು. ನಮ್ಮ ಕಣ್ಣು ಮುಖವನ್ನೇ ನೋಡುತ್ತದೆ. ತಲೆಯ ಹಿಂದೆ ಕಂಬ ಎದ್ದಿರುತ್ತದೆ, ಮೂಲೆಯಲ್ಲಿ ಯಾರದೋ ಮೊಣಕೈ ಇರುತ್ತದೆ, ನಮಗೆ ಕಾಣುವುದೇ ಇಲ್ಲ. ಒತ್ತುವ ಮೊದಲು ನಾಲ್ಕೂ ಅಂಚಿನ ಮೇಲೆ ಕಣ್ಣಾಡಿಸಿ. ಅರ್ಧ ಸೆಕೆಂಡ್ ಸಾಕು. ನನ್ನ ಬಳಿ ಕಲಿಯಲು ಬಂದವರ ಚಿತ್ರಗಳು ಅತಿ ಬೇಗ ಸುಧಾರಿಸಿದ್ದು ಇದೊಂದರಿಂದ. ಹಿನ್ನೆಲೆ ಸರಿಯಿಲ್ಲದಿದ್ದರೆ ಮಂಡಿ ಊರಿ ಕೂತರೆ ಆಕಾಶ ಹಿಂದೆ ಬರುತ್ತದೆ. ಕುರ್ಚಿ ಹತ್ತಿದರೆ ನೆಲ ಬರುತ್ತದೆ.

ಮೂರನೆಯದು, ಎಣಿಸಿ ತೆಗೆಯುವುದು. ಫಿಲ್ಮ್ ರೋಲಿನಲ್ಲಿ 36 ಚಿತ್ರ ಇರುತ್ತಿತ್ತು. ಒಂದು ಇಡೀ ದಿನಕ್ಕೆ 36 ಮಾತ್ರ ಅಂತ ಇಟ್ಟುಕೊಳ್ಳಿ. ಪರದೆಯನ್ನು ಮಧ್ಯೆ ನೋಡಬೇಡಿ. ಈಗಿನ ಎಷ್ಟೋ ಕ್ಯಾಮೆರಾಗಳು ಸೆಕೆಂಡಿಗೆ 20 ಚಿತ್ರ ತೆಗೆಯುತ್ತವೆ. ಒಳ್ಳೆಯ ಕ್ಷಣ ಆ ಇಪ್ಪತ್ತರಲ್ಲಿ ಸಿಕ್ಕೇ ಸಿಗುತ್ತದೆ ಅನ್ನಿಸುತ್ತದೆ. ಆದರೆ ನೀವು ಆ ಕಡೆ ತಿರುಗಿಯೇ ಇಲ್ಲದಿದ್ದರೆ ಇಪ್ಪತ್ತೂ ವ್ಯರ್ಥ. ಮಗು ನಗುವ ಮೊದಲು ಅದರ ಮುಖದಲ್ಲಿ ಏನಾಗುತ್ತದೆ, ಆಟಗಾರ ಜಿಗಿಯುವ ಮೊದಲು ಮಂಡಿ ಹೇಗೆ ಬಾಗುತ್ತದೆ ಎಂಬುದನ್ನು ನೋಡಿ ಕಲಿಯಬೇಕು. ಅದು ಗೊತ್ತಿದ್ದವರ ಕೈಯಲ್ಲಿ ಆ ಇಪ್ಪತ್ತು ಚಿತ್ರಗಳ ವೇಗ ನಿಜವಾದ ವರ.

ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನ್ಯುಯಲ್ ಮೋಡ್ ಬಗ್ಗೆ ಜಾಸ್ತಿ ಭಯವೂ ಬೇಡ, ಜಾಸ್ತಿ ಭಕ್ತಿಯೂ ಬೇಡ. ಎರಡು ವಾರ ಅದರಲ್ಲೇ ತೆಗೆದರೆ ಅಪರ್ಚರ್ (ಲೆನ್ಸಿನ ಬಾಯಿ), ಶಟರ್, ಐಎಸ್ಒ ಮೂರೂ ಒಂದನ್ನೊಂದು ಎಳೆಯುವುದು ತಿಳಿಯುತ್ತದೆ. ಚುರುಕು ಬಿಸಿಲಿನಲ್ಲಿ ಹಳಬರ ಸೂತ್ರ ಒಂದಿದೆ. ಎಫ್ 16 ಇಟ್ಟು, ಐಎಸ್ಒ ಎಷ್ಟಿದೆಯೋ ಶಟರ್ ಅಷ್ಟನೇ ಒಂದು ಭಾಗ. ಐಎಸ್ಒ 100 ಆದರೆ 1/100 ಸೆಕೆಂಡಿನ ಹತ್ತಿರ. ಅದರಿಂದ ಶುರು ಮಾಡಿ, ಮೋಡಕ್ಕೆ, ನೆರಳಿಗೆ ನೀವೇ ಊಹಿಸಿ, ಆಮೇಲೆ ಮೀಟರ್ ಏನು ಹೇಳುತ್ತದೆ ನೋಡಿ. ಅದು ಮೈಗೂಡಿದ ಮೇಲೆ ಅಪರ್ಚರ್ ಪ್ರಯಾರಿಟಿಗೆ ಹೋಗಿ, ಅಲ್ಲಿ ಅಪರ್ಚರ್ ನಿಮ್ಮದು, ಶಟರ್ ಕ್ಯಾಮೆರಾದ್ದು. ಅನುಭವಿಗಳಲ್ಲಿ ಎಷ್ಟೋ ಜನ ಅದರಲ್ಲೇ ಕೆಲಸ ಮಾಡುತ್ತಾರೆ.

ಆಯ್ಕೆ ಮಾಡುವುದು ಇದೆಲ್ಲಕ್ಕಿಂತ ಕಷ್ಟ, ಹಾಗಾಗಿ ಯಾರೂ ಮಾಡುವುದಿಲ್ಲ. ತಿಂಗಳಿಗೆ ತೆಗೆದದ್ದರಲ್ಲಿ ಹತ್ತು ಚಿತ್ರ ಆರಿಸಿ. ಮೂರು ದಿನ ಬಿಟ್ಟು ಆ ಹತ್ತರಲ್ಲಿ ಮೂರು. ಅವನ್ನು ಸಣ್ಣದಾಗಿಯಾದರೂ ಮುದ್ರಿಸಿ, ದಿನಾ ಕಣ್ಣಿಗೆ ಬೀಳುವ ಕಡೆ ಗೋಡೆಗೆ ಅಂಟಿಸಿ. ಎರಡು ವಾರದಲ್ಲಿ ಒಂದು ಚಿತ್ರ ನಿಮಗೇ ಬೇಸರ ತರಿಸುತ್ತದೆ. ಅದು ಯಾಕೆ ಬೇಸರ ಬಂತು ಅಂತ ಒಂದು ಸಾಲು ಬರೆದಿಡಿ. ವರ್ಷದ ಕೊನೆಗೆ ಆ ಸಾಲುಗಳನ್ನು ಒಟ್ಟಿಗೆ ಓದಿದರೆ ನಿಮ್ಮ ಕೈತಪ್ಪಿದ ಚಿತ್ರಗಳ ಪಟ್ಟಿ ಅಲ್ಲಿರುತ್ತದೆ. ಹಿನ್ನೆಲೆ ಗಮನಿಸಲಿಲ್ಲ, ತಡವಾಯಿತು, ತುಂಬ ದೂರ ನಿಂತೆ ಅಂತ ಹತ್ತು ಸಲ ಬಂದಿದ್ದರೆ ಅದಕ್ಕೆ ಅಂಗಡಿಯಲ್ಲಿ ಔಷಧಿ ಇಲ್ಲ. ಕತ್ತಲೆಯಲ್ಲಿ ಫೋಕಸ್ ಹಿಡಿಯಲಿಲ್ಲ, ಲೆನ್ಸ್ ತಲುಪಲಿಲ್ಲ, ಮಳೆ ಬಂತೆಂದು ಒಳಗಿಟ್ಟೆ ಅಂತ ಹತ್ತು ಸಲ ಬಂದಿದ್ದರೆ ಧೈರ್ಯವಾಗಿ ಅಂಗಡಿಗೆ ಹೋಗಿ.

ಹೋದಾಗ ನೆನಪಿಡಬೇಕಾದ್ದು ಕೆಲವೇ. ಬಾಡಿಗಿಂತ ಲೆನ್ಸ್ ಮೊದಲು. ಬಾಡಿಗಳು ಬಂದು ಹೋಗುತ್ತವೆ. ಕ್ಯಾನನ್‌ನ ಇಎಫ್ ಲೆನ್ಸ್‌ಗಳು 1987ರಲ್ಲಿ ಬಂದವು, ಅವನ್ನು ಅದೇ ಕಂಪನಿಯ ಇಂದಿನ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಬಾಡಿಗೂ ಅಡಾಪ್ಟರ್ ಹಾಕಿ ಬಳಸಬಹುದು. ಮುಖಗಳ ಚಿತ್ರ ನಿಮ್ಮ ಆಸಕ್ತಿಯಾದರೆ ಒಂದು ಫ್ಲ್ಯಾಶ್, ಅದನ್ನು ಕ್ಯಾಮೆರಾದಿಂದ ಬಿಡಿಸಿ ಪಕ್ಕಕ್ಕೆ ಇಡುವ ವ್ಯವಸ್ಥೆ, ಬೆಳಕನ್ನು ಹರಡುವ ಒಂದು ಬಿಳಿ ಕೊಡೆ. ಕತ್ತಲಲ್ಲೂ ನಿಮ್ಮದೇ ಕಿಟಕಿ ಇದ್ದಂತೆ. ದುಬಾರಿ ವಸ್ತುವನ್ನು ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೆ ತಂದು ನಿಮ್ಮ ಕೆಲಸದಲ್ಲೇ ಬಳಸಿ ನೋಡಿ. ಕೈಯಲ್ಲಿ ಹಿಡಿದಾಗ ಭಾರ ಅನ್ನಿಸಿದರೆ ಆ ಮಾತು ಕೇಳಿ. ಮನೆಯಲ್ಲೇ ಬಿಟ್ಟುಹೋಗುವ ಒಳ್ಳೆಯ ಕ್ಯಾಮೆರಾ ಯಾವ ಚಿತ್ರವನ್ನೂ ತೆಗೆಯುವುದಿಲ್ಲ.

ನಾಟಕದ ಚಿತ್ರ ತೆಗೆಯುವ ಆ ಯುವತಿಯ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಒಂದೂವರೆ ವರ್ಷದ ಮೇಲೆ ಅವರು ಮತ್ತೆ ಬಂದರು. ಹನ್ನೊಂದು ಚಿತ್ರಗಳನ್ನು ಮುದ್ರಿಸಿ ತಂದಿದ್ದರು. ಒಂದರಲ್ಲಿ ವಯಸ್ಸಾದ ನಟರೊಬ್ಬರು ಮಾತು ಮುಗಿಸಿ ದೀಪದಿಂದ ಮುಖ ತಿರುಗಿಸುತ್ತಿದ್ದಾರೆ. ಅರ್ಧ ಕೆನ್ನೆಯ ಮೇಲೆ ಮಾತ್ರ ಬೆಳಕು. ಎತ್ತಿದ ಕೈ ಇನ್ನೂ ಇಳಿದಿಲ್ಲ. ಅದನ್ನು ನಾನು ತುಂಬ ಹೊತ್ತು ನೋಡಿದೆ. ಅದೇ ಹಳೆಯ ಬಾಡಿ, ಅದೇ 50 ಮಿ.ಮೀ. ಲೆನ್ಸ್.

ಈಗ ಅವರಿಗೆ ಎರಡು ತಂಡಗಳಿಂದ ಹಣ ಕೊಟ್ಟು ಮಾಡಿಸುವ ಕೆಲಸ ಸಿಕ್ಕಿತ್ತು. ಅವರ ಪ್ರಶ್ನೆ ಹೀಗಿತ್ತು. "ಸಾರ್, ಶಟರ್ ಸದ್ದು ಮುಂದಿನ ಸಾಲಿನವರಿಗೆ ಕೇಳುತ್ತೆ, ನಟರಿಗೂ ತೊಂದರೆ. ಒಂದೇ ಕಾರ್ಡಿನಲ್ಲಿ ಕೆಲಸ ಮಾಡೋಕೆ ಭಯ. ಐಎಸ್ಒ 6400 ಬಳಸಲೇಬೇಕಾದ ದೃಶ್ಯಗಳಿವೆ, ಅಲ್ಲಿ ನನ್ನ ಕ್ಯಾಮೆರಾ ಸೋಲುತ್ತೆ. ಎಲ್‌ಇಡಿ ದೀಪದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಚಿತ್ರದಲ್ಲಿ ಪಟ್ಟೆ ಬರುತ್ತಂತೆ, ಅದಕ್ಕೇನು ಮಾಡಲಿ?"

ಆ ಪ್ರಶ್ನೆಗೆ ಉತ್ತರಿಸಲು ನನಗೆ ಹತ್ತು ನಿಮಿಷ ಸಾಕಾಯಿತು. ಎರಡು ಕಾರ್ಡಿನ ಒಂದು ಫುಲ್ ಫ್ರೇಮ್ ಮಿರರ್‌ಲೆಸ್ ಬಾಡಿಯ ಹೆಸರು ಹೇಳಿದೆ. ಬಾಡಿಗೆಗೆ ತಂದು, ನಾಟಕದ ದೀಪಗಳನ್ನು ಹಚ್ಚಿಸಿ, ತಾಲೀಮಿನಲ್ಲೇ ಬೇರೆ ಬೇರೆ ಶಟರ್ ವೇಗದಲ್ಲಿ ಪಟ್ಟೆ ಬರುತ್ತದಾ ನೋಡಿ ಎಂದೆ. ಮರುವಾರ ಫೋನ್ ಬಂತು. 1/100ರಲ್ಲಿ ಪಟ್ಟೆ ಇಲ್ಲ, 1/250ರಲ್ಲಿ ಇದೆ ಎಂದರು. "ನಟರು ನಿಲ್ಲೋ ಜಾಗ ನನಗೆ ಗೊತ್ತು ಸಾರ್, 1/100 ಸಾಕು" ಎಂದರು. ಆ ಕ್ಯಾಮೆರಾವನ್ನೇ ತಗೊಂಡರು.